ಪೆಟ್ಟಿಗೆಯ ಮೇಲೆ ಕೂತವಳು

ಮಾರ್ಬರಿ, ಅಯೋವಾ
೯ ಫೆಬ್ರವರಿ ೧೯೫೬

ಪ್ರೀತಿಯ ಹುಲ್ಡಕ್ಕನಿಗೆ,

ಹನ್ನೊಂದು ಮೈಲಿ ಆಚೆ ಇರುವ ಅಕ್ಕನಿಗೆ ಫೋನು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಎಂದುಕೊಳ್ಳಬೇಡ. ಹತ್ತಾರು ಮನೆಗೆ ಒಂದೇ ತಂತಿಯಾದ ನಿಮ್ಮ ಲೈನಿನಲ್ಲಿ ಊರಿನ ಅರ್ಧ ಕಿವಿಗಳಿವೆ. ಹೋದ ಸಲ ನಾವು ಮಾತಾಡುವಾಗ ಬ್ಯೂಲಾ ಕ್ರಾಂಟ್ಸಳ ಉಸಿರು ಮಾತ್ರವಲ್ಲ, ಅವಳ ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಸದ್ದೂ ನನಗೆ ಕೇಳಿಸಿತು. ಇದು ಅವಳ ಕಿವಿಗೆ ಬೀಳುವ ವಿಷಯವಲ್ಲ.

ಬರುವ ಆಗಸ್ಟಿಗೆ ಮಾರ್ಬರಿಗೆ ನೂರು ತುಂಬುತ್ತದೆ. ಊರಿಗೆ ಊರೇ ಹುಚ್ಚೆದ್ದು ಕುಣಿಯುತ್ತಿದೆ. ಹಳೆಯ ಕಾಲದವರಂತೆ ಕಾಣಬೇಕೆಂದು ಹೊಸ ವರ್ಷದಿಂದ ಗಂಡಸರು ಯಾರೂ ಗಡ್ಡ ಬೋಳಿಸುವಂತಿಲ್ಲ. ಬೋಳಿಸಿದವನನ್ನು ಕೋರ್ಟಿನ ಮುಂದಿನ ಕುದುರೆ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ನನ್ನ ಗಂಡ ಅನ್ನಿಸಿಕೊಂಡ ಕ್ಲಾಡ್‌ನನ್ನು ನೀನು ನೋಡಬೇಕು. ವಕೀಲನೋ ದರೋಡೆಕೋರನೋ ಗೊತ್ತಾಗುವುದಿಲ್ಲ. (ಎರಡಕ್ಕೂ ಏನು ವ್ಯತ್ಯಾಸ ಎನ್ನುತ್ತೀಯ, ಅದೂ ಗೊತ್ತು.) ಓಹಾಯೋದಿಂದ ಡೆವಿಟ್ ಎಂಬ ನಾಟಕದ ಮೇಷ್ಟರನ್ನು ಕರೆಸಿದ್ದಾರೆ. ಕೋರ್ಟಿನ ಅಂಗಳದಲ್ಲಿ ಊರಿನ ಚರಿತ್ರೆಯನ್ನೆಲ್ಲ ಆಡಿ ತೋರಿಸುತ್ತಾರಂತೆ: ಸರ್ವೇಯವರು ಸರಪಳಿ ಎಳೆದದ್ದು, ಮಿಡತೆ ಬಿದ್ದದ್ದು, ರೈಲು ಬಂದದ್ದು, ಎಲ್ಲ.

ಅದರಲ್ಲಿ ನಮ್ಮ ಸಬ್ರಾ ಅಜ್ಜಿಯೂ ಬರುತ್ತಾಳೆ! ಆ ಭಾನುವಾರ ನಿಮ್ಮ ಬೆಕ್ವಿತ್ ಲ್ಯಾಂಡಿಂಗಿನವರೆಲ್ಲ ಚರ್ಚಿನಲ್ಲಿದ್ದಾಗ ಮಾರ್ಬರಿಯ ಗಂಡಸರು ಹಿಮದ ಬಂಡಿ ಕಟ್ಟಿಕೊಂಡು ಬಂದು ಆಗ ನಿಮ್ಮಲ್ಲಿದ್ದ ಕೌಂಟಿ ಕಚೇರಿಯ ದಾಖಲೆ ಪೆಟ್ಟಿಗೆಗೆ ಕೈ ಹಾಕಿದ್ದು, ಕಚೇರಿ ಗುಡಿಸಲು ಬಂದಿದ್ದ ಅಜ್ಜಿ ಪೆಟ್ಟಿಗೆಯ ಮೇಲೆ ಕೂತವಳು ಏಳದೇ ಹೋದದ್ದು, ಅವಳನ್ನೂ ಸೇರಿಸಿ ಹೊತ್ತು ಬಂಡಿಗೇರಿಸಿ ಇಲ್ಲಿಗೆ ತಂದದ್ದು, ದಾಖಲೆ ಇದ್ದಲ್ಲೇ ಕೋರ್ಟು ಕಚೇರಿ ಎಂದು ಆವತ್ತಿನಿಂದ ಕೌಂಟಿಯ ಪಟ್ಟ ಮಾರ್ಬರಿಗೆ ಬಂದದ್ದು. ಇಡೀ ಆಟದಲ್ಲಿ ಅದೇ ಮುಖ್ಯ ದೃಶ್ಯ. ಅಜ್ಜಿಯ ಪಾತ್ರ ನನಗೆ ಸಿಕ್ಕಿದೆ ಅಕ್ಕಾ!

ಪೆಟ್ಟಿಗೆ ನಿನ್ನ ಹತ್ತಿರ ಇದೆಯಲ್ಲ. ಇಲ್ಲಿ ದಾಖಲೆಗಳಿಗೆ ಕಬ್ಬಿಣದ ಕೋಣೆ ಕಟ್ಟಿಸಿದ ಮೇಲೆ ಅಜ್ಜಿಗೇ ಅದನ್ನು ಕೊಟ್ಟುಬಿಟ್ಟರು ಎಂದು ಮೇಷ್ಟರಿಗೆ ಹೇಳಿದೆ. ಅವರು ಕುಣಿದಾಡಿಬಿಟ್ಟರು. ಶನಿವಾರ ಕ್ಲಾಡ್ ಟ್ರಕ್ ಕಳಿಸುತ್ತಾನೆ. ಅಜ್ಜಿಯ ಬಿಸಿಲುಟೋಪಿ ಇದ್ದರೆ ಅದನ್ನೂ ಕೊಟ್ಟು ಕಳಿಸು.

ನಿನ್ನ ತಂಗಿ,
ನೋರಿ


ಬೆಕ್ವಿತ್ ಲ್ಯಾಂಡಿಂಗ್
೧೪ ಫೆಬ್ರವರಿ

ನೋರಿ,

ಟ್ರಕ್ ಕಳಿಸಬೇಡ. ಬಂದರೆ ನಾಯಿ ಬಿಡುತ್ತೇನೆ.

ನಿಮ್ಮ ಮಾರ್ಬರಿಯವರಿಗೆ ಇನ್ನೂ ಎಷ್ಟು ಬೇಕು? ಊರು ಮೊದಲು ಕಟ್ಟಿದವರು ನಾವು. ನದಿ ನಮ್ಮದು, ದೋಣಿಕಟ್ಟೆ ನಮ್ಮದು. ಆಗ ನಿಮ್ಮ ಮಾರ್ಬರಿ ಅಂದರೆ ಬರೀ ಜೌಗು. ಬಾತುಕೋಳಿ ಕೂಡ ಇಳಿಯೋಣವೋ ಬೇಡವೋ ಎಂದು ಎರಡು ಸುತ್ತು ಹಾಕುತ್ತಿತ್ತು. ನದಿಗೆ ಸೇತುವೆ ಕಟ್ಟುವ ರಗಳೆ ಬೇಡ ಎಂದು ರೈಲಿನವರು ಆ ಕಡೆ ಹಳಿ ಹಾಕಿದರು, ಅಷ್ಟೇ ನಿಮ್ಮ ಭಾಗ್ಯ. ಕೌಂಟಿಯ ನಟ್ಟನಡುವೆ ಇದ್ದೇವೆ, ಅದಕ್ಕೇ ಪಟ್ಟ ನಮಗೆ ಎನ್ನುತ್ತೀರಲ್ಲ, ನಕಾಶೆ ತೆಗೆದು ಗೆರೆ ಎಳೆದು ನೋಡು. ನಟ್ಟನಡು ಬೀಳುವುದು ಲಿಂಡ್‌ಕ್ವಿಸ್ಟನ ಹಂದಿ ದೊಡ್ಡಿಯಲ್ಲಿ. ಪಟ್ಟ ಹಂದಿಗೆ ಕಟ್ಟಬೇಕಿತ್ತು.

ಕೋರ್ಟು ಹೋಯಿತು. ಆಮೇಲೆ ಬ್ಯಾಂಕು ಹೋಯಿತು, ಡಾಕ್ಟರು ಹೋದ, ಬೆಣ್ಣೆ ಕಾರ್ಖಾನೆ ಹೋಯಿತು. ಹೋದ ವರ್ಷ ಹೈಸ್ಕೂಲನ್ನೂ ಎಳೆದುಕೊಂಡಿರಿ. ಈಗ ನಮ್ಮ ಮಕ್ಕಳು ನಿಮ್ಮ ಬಸ್ಸಿನಲ್ಲಿ ಕೂತು ನಿಮ್ಮ ಊರಿನ ಹಾಡು ಹಾಡುತ್ತವೆ. ಉಂಡೂ ಹೋದ ಕೊಂಡೂ ಹೋದ ಅನ್ನುತ್ತಾರಲ್ಲ, ಹಾಗಾಯಿತು. ಈಗ ಅಜ್ಜಿಯೂ ಬೇಕೋ? ನಿಮ್ಮವರು ಹೇಳುವ ಕಥೆ ನನಗೆ ಗೊತ್ತಿಲ್ಲವೇ! ಮಾರ್ಬರಿಯವರು ಬಿಸಿ ಕಾಫಿ ಕೊಟ್ಟರಂತೆ, ಅಜ್ಜಿ ಕುಡಿದು ನಕ್ಕಳಂತೆ. ಅಜ್ಜಿ ಆ ಕಾಫಿಯನ್ನು ಹಿಮದ ಮೇಲೆ ಚೆಲ್ಲಿ ಮಾರನೆಯ ದಿನ ನಡೆದುಕೊಂಡು ಮನೆಗೆ ಬಂದಳು. ಅದನ್ನು ನಿಮ್ಮ ಮೇಷ್ಟರು ಆಡಿಸುತ್ತಾರೋ?

ಪಾತ್ರ ನಿನಗೆ ಸಿಕ್ಕಿತು ಎಂದು ಬರೆದಿದ್ದೀಯ. ಒಳ್ಳೆಯದು. ಅಜ್ಜಿಯ ಕೊನೆಗಾಲದಲ್ಲಿ ಅವಳ ತಲೆ ಬಾಚಿದ್ದು ನಾನು. ಅವಳ ಕಾಲಿಗೆ ಎಣ್ಣೆ ನೀವಿದ್ದು ನಾನು. ಅವಳ ದವಡೆ ನನಗೆ ಬಂದಿದೆ ಎಂದು ಲ್ಯಾಂಡಿಂಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಿನ್ನದು ಅಮ್ಮನ ಮುಖ, ತೆಳ್ಳಗೆ, ಚಂದಕ್ಕೆ. ನಿಮಗೆ ಅಜ್ಜಿಯ ಪೆಟ್ಟಿಗೆ ಬೇಕು, ಅಜ್ಜಿಯ ಟೋಪಿ ಬೇಕು. ಹುಲ್ಡಾ ಬೇಡ. ಹಿತ್ತಲ ಗಿಡ ಮದ್ದಲ್ಲ ತಾನೇ?

ಹೊಟ್ಟೆಕಿಚ್ಚು ಎನ್ನುತ್ತೀಯೇನು? ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡಲು ನಾನೇನು ಮಾರ್ಬರಿಯವಳಲ್ಲ.

ಪೆಟ್ಟಿಗೆ ಹಿಂದಿನ ಜಗಲಿಯಲ್ಲಿದೆ. ತೀರಿಕೊಂಡ ನಮ್ಮ ಯಜಮಾನ ಆಕ್ಸೆಲ್‌ನ ನೇಗಿಲ ಕುಳಗಳು, ಅಜ್ಜಿಯ ಇಸ್ತ್ರಿ ಕಬ್ಬಿಣಗಳು ಅದರಲ್ಲಿವೆ. ಅಲ್ಲೇ ಇರುತ್ತವೆ.

ಹುಲ್ಡಾ


ಮಾರ್ಬರಿ
೨ ಮಾರ್ಚ್

ಹುಲ್ಡಕ್ಕಾ,

ನಿನ್ನ ಕಾಗದವನ್ನು ಓದಿ ಒಲೆಗೆ ಹಾಕಬೇಕೆನ್ನಿಸಿತು. ಹಾಕಲಿಲ್ಲ, ಇನ್ನೊಮ್ಮೆ ಓದಿದೆ. ಆಮೇಲೆ ಕ್ಲಾಡ್‌ಗೂ ಓದಿ ಹೇಳಿದೆ. ಅವನು ಹಂದಿ ದೊಡ್ಡಿಯ ಮಾತಿಗೆ ಬಿದ್ದು ಬಿದ್ದು ನಕ್ಕ; ನನಗೆ ಅವನ ಮೇಲೂ ಕೋಪ ಬಂತು.

ನಾನು ಪಾತ್ರ ಕಸಿದುಕೊಳ್ಳಲಿಲ್ಲ. ಮಹಿಳಾ ಕ್ಲಬ್ಬಿನವರು ಚೀಟಿ ಹಾಕಿ ಆರಿಸಿದರು. ಬ್ಯಾಂಕಿನ ಫಾಸ್ನಾಟ್‌ನ ಹೆಂಡತಿಗೂ ಅದರ ಮೇಲೆ ಕಣ್ಣಿತ್ತು, ಈಗ ನನ್ನ ಮುಖ ನೋಡುವುದಿಲ್ಲ. ಇಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರೂ ನಾನು ಇವರಿಗೆ ‘ಲ್ಯಾಂಡಿಂಗಿನವಳು’. ಅಲ್ಲಿ ಬಂದರೆ ನಿಮಗೆ ‘ಮಾರ್ಬರಿಯವಳು’. ನನ್ನದು ಯಾವ ಊರು ಎಂದು ನೀನಾದರೂ ಹೇಳು.

ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಬರುತ್ತದೆ ಎಂದುಕೊಂಡೆಯಾ? ಅಜ್ಜಿಯ ತಲೆ ಬಾಚಿದೆ ಎಂದು ಬರೆದಿದ್ದೀಯ. ನಾನು ಬಾಚಲು ಹೋದಾಗಲೆಲ್ಲ ಅವಳು, “ನೀ ಬಿಡು ಮಗು, ಹುಲ್ಡಾ ಬರ್ಲಿ, ಅವಳ ಕೈ ನಂಗೆ ಅಭ್ಯಾಸ” ಅನ್ನುತ್ತಿದ್ದಳು. ನೀವಿಬ್ಬರೂ ಅಡಿಗೆಮನೆಯಲ್ಲಿ ಗುಸುಗುಸು ಮಾತಾಡುತ್ತಿರುವಾಗ ನಾನು ಬಾಗಿಲಿಗೆ ಬಂದರೆ ಸಾಕು, ಮಾತು ನಿಂತು ಹೋಗುತ್ತಿತ್ತು. “ನೋರಿ, ಮೊಟ್ಟೆ ಆಯ್ಕೊಂಡ್ ಬಾ ಹೋಗು.” ಇಡೀ ಬಾಲ್ಯ ನಾನು ಮೊಟ್ಟೆ ಆಯ್ದೆ ಅಕ್ಕಾ. ಅಜ್ಜಿ ನನಗೆ ಅಂತ ಹೇಳಿದ ಮಾತು ಒಂದೇ: ಕಾಲು ಒರೆಸ್ಕೊಂಡು ಒಳಗೆ ಬಾ.

ಈಗ ಮೇಷ್ಟರು ನನ್ನ ಬಾಯಿಗೆ ಒಂದು ಮಾತು ಬರೆದುಕೊಟ್ಟಿದ್ದಾರೆ. ಪೆಟ್ಟಿಗೆಯ ಮೇಲೆ ಕೂತು ಕೈಯೆತ್ತಿ, “ನನ್ನ ಪ್ರಾಣ ಹೋದರೂ ಸರಿಯೇ, ಈ ಕೌಂಟಿಯ ಮಾನ ಬಿಟ್ಟು ಏಳಲಾರೆ!” ಎನ್ನಬೇಕಂತೆ. ಅಜ್ಜಿ ಹೀಗೆ ಮಾತಾಡುವವಳೇ? ನಿಜವಾಗಿ ಅವಳು ಏನಂದಳು? ಯಾಕೆ ಏಳಲಿಲ್ಲ? ನಿನಗೆ ಹೇಳಿರುತ್ತಾಳೆ. ಹೇಳಿಯೇ ಇರುತ್ತಾಳೆ. ಪೆಟ್ಟಿಗೆ ಬೇಡ ಬಿಡು, ಅದೊಂದು ಮಾತು ಬರೆದು ಕಳಿಸು.

ನೋರಿ


ಲ್ಯಾಂಡಿಂಗ್
೧೯ ಮಾರ್ಚ್

ನೋರಿ,

ಹೇಳಿದ್ದಾಳೆ. ನಾನು ಹೇಳುವುದಿಲ್ಲ.

ಅದೊಂದು ನನ್ನದು. ಉಳಿದದ್ದೆಲ್ಲ ನಿಮ್ಮ ಊರಿಗೆ ಹೋಗಿದೆ, ಅದೊಂದು ನನ್ನ ಹತ್ತಿರ ಇರಲಿ.

ನಿಮ್ಮ ಡೆವಿಟ್ ಮೇಷ್ಟರು ಮೊನ್ನೆ ಇಲ್ಲಿಗೆ ಬಂದಿದ್ದರು, ನೀನು ಕಳಿಸಿದೆಯೋ ತಾವಾಗಿಯೇ ಬಂದರೋ. ಮಂಜು ಬಿದ್ದಿತ್ತು. ಭೂಮಿ ಗುಂಡಗಿದೆ, ಚೌಕದ ಲೆಕ್ಕ ಕೂಡುವುದಿಲ್ಲ ಎಂದು ಸರ್ವೇಯವರು ನೆಟ್ಟಗಿನ ದಾರಿಯನ್ನು ಪಕ್ಕಕ್ಕೆ ಎಳೆದ ಆ ತಿರುವಿದೆಯಲ್ಲ, ಅಲ್ಲಿ ತಿರುಗಬೇಕೆಂದು ಪಾಪ, ಪರಸ್ಥಳದವರಿಗೆ ಏನು ಗೊತ್ತು. ನೆಟ್ಟಗೆ ಲಿಂಡ್‌ಕ್ವಿಸ್ಟನ ಹೊಲಕ್ಕೆ ಕಾರು ಇಳಿಸಿದರು. ಲಿಂಡ್‌ಕ್ವಿಸ್ಟ್ ಟ್ರಾಕ್ಟರು ಕಟ್ಟಿ ಎಳೆದು ನಮ್ಮ ಮನೆಗೇ ತಂದು ಬಿಟ್ಟ. ಕೆಸರಿನ ಕಾಲಿನಲ್ಲೇ ಜಗಲಿಗೆ ಬಂದು ಪೆಟ್ಟಿಗೆ ತಟ್ಟಿ, “ಅಬ್ಬಾ, ಓಕ್ ಮರ! ಕಬ್ಬಿಣದ ಪಟ್ಟಿ ಬೇರೆ!” ಎಂದರು. ನಾನು ಕಾಫಿ ಕೊಟ್ಟೆ. ಚೆಲ್ಲಲಿಲ್ಲ, ಕುಡಿದರು.

ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋರಿ, ನಿನ್ನಲ್ಲಿ ಮುಚ್ಚಿಡುವುದೇನು. ಕೇಳುತ್ತಾರೆ, ಈಗ ಕೇಳುತ್ತಾರೆ ಎಂದುಕೊಂಡೆ. ಬಿಸಿಲುಟೋಪಿಯನ್ನು ಬೆಳಿಗ್ಗೆಯೇ ಗಂಜಿ ಹಾಕಿ ಇಸ್ತ್ರಿ ಮಾಡಿ ಗೂಟಕ್ಕೆ ತೂಗುಹಾಕಿದ್ದೆ. ಅವರಂದರು, “ಅಮ್ಮಾವ್ರು ಒಳ್ಳೆ ಗಟ್ಟಿಮುಟ್ಟಾಗಿದೀರಿ. ನಮ್ಮ ಮಿಸೆಸ್ ನೋರಿ ಆದ್ರೆ ಹೂವಿನ ಹಾಗೆ, ನಾಲ್ಕು ಜನ ಸಲೀಸಾಗಿ ಎತ್ತಬಹುದು.”

ಹೂವಂತೆ. ಆಕ್ಸೆಲ್ ಸತ್ತ ಮೇಲೆ ಈ ಹೊಲವನ್ನು ಹೂವು ಉಳಲಿಲ್ಲ.

ಪೆಟ್ಟಿಗೆಯ ಮಾತು ಇನ್ನು ಎತ್ತಬೇಡ.

ಹುಲ್ಡಾ


ಮಾರ್ಬರಿ
೨೧ ಮೇ

ಹುಲ್ಡಕ್ಕಾ,

ಎರಡು ತಿಂಗಳಾಯಿತು. ಈಸ್ಟರಿಗೆ ಬರುತ್ತೀಯೆಂದು ಹಂದಿ ತೊಡೆ ಬೇಯಿಸಿ ಕಾದೆ. ಬರಲಾಗುವುದಿಲ್ಲ ಎಂದು ನೀನು ಬ್ಯೂಲಾಳ ಬಾಯಲ್ಲಿ ಹೇಳಿ ಕಳಿಸಿದೆ. ಹೋಗಲಿ ಬಿಡು.

ನೀನು ಪೆಟ್ಟಿಗೆ ಕೊಡದಿದ್ದರೆ ಆಟ ನಿಲ್ಲುತ್ತದೆಯೇ? ಹೈಸ್ಕೂಲಿನ ಮರಗೆಲಸದ ತರಗತಿಯವರು ಪ್ಲೈವುಡ್ಡಿನಲ್ಲಿ ಅಂಥದ್ದೇ ಒಂದು ಮಾಡಿದ್ದಾರೆ. ಕಂದು ಬಣ್ಣ ಬಳಿದು, ಕಪ್ಪು ಕಾಗದದ ಪಟ್ಟಿ ಅಂಟಿಸಿದ್ದಾರೆ. ದೂರದಿಂದ ನೋಡಿದರೆ ನಿನಗೂ ಗೊತ್ತಾಗುವುದಿಲ್ಲ. ನಾನು ಕೂತರೆ ಕ್ಲಾಡ್, ಫಾಸ್ನಾಟ್, ಔಷಧಿ ಅಂಗಡಿಯವನು, ಅಂಚೆ ಮಾಸ್ತರ, ನಾಲ್ವರೂ ಮಾತಾಡುತ್ತಲೇ ಎತ್ತಿ ನಡೆಯುತ್ತಾರೆ. ಮೊನ್ನೆ ಫಾಸ್ನಾಟ್ ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಗಡ್ಡ ಕೆರೆದುಕೊಂಡ.

ಆಟ ಆಗಸ್ಟ್ ನಾಲ್ಕು, ಶನಿವಾರ ಮಧ್ಯಾಹ್ನ. ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಹಿಡಿದಿಟ್ಟಿದ್ದೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ನೋರಿ


ಲ್ಯಾಂಡಿಂಗ್
೮ ಜುಲೈ

ನೋರಿ,

ಜೋಳ ಸೊಂಟದ ಮಟ್ಟ ಬಂದಿದೆ. ಎರಡು ಮಳೆ ಸರಿಯಾಗಿ ಬಿತ್ತು. ನನ್ನ ಮಂಡಿ ನೋವು ಹಾಗೇ ಇದೆ.

ನಮ್ಮ ಊರಿನ ಗಂಡಸರು ಒಂದು ತೀರ್ಮಾನ ಮಾಡಿದ್ದಾರೆ. ನಿಮ್ಮ ಗಡ್ಡಕ್ಕೆ ಎದುರಾಗಿ ಇಲ್ಲಿ ಎಲ್ಲರೂ ದಿನಕ್ಕೆರಡು ಸಲ ಬೋಳಿಸುತ್ತಿದ್ದಾರೆ. ಕಂದಾಯ ಕಟ್ಟಲು ಮಾರ್ಬರಿಗೆ ಬಂದವರನ್ನು ನಿಮ್ಮವರು ಹಿಡಿದು ತೊಟ್ಟಿಯಲ್ಲಿ ಅದ್ದಿ ಕಳಿಸುತ್ತಾರೆ. ಬ್ಯೂಲಾಳ ಗಂಡನನ್ನು ಮೂರು ಸಲ ಅದ್ದಿದರು. “ಇಷ್ಟು ಸ್ನಾನ ನಮ್ಮೆಜಮಾನ್ರು ಮದ್ವೆ ಆದಾಗ್ಲಿಂದ ಮಾಡಿರ್ಲಿಲ್ಲ, ಮಾರ್ಬರಿಯವರಿಗೆ ಪುಣ್ಯ ಬರ್ಲಿ” ಅನ್ನುತ್ತಾಳೆ.

ಹುಸಿ ಪೆಟ್ಟಿಗೆಯ ಸುದ್ದಿ ಓದಿದೆ. ಕಾಗದದ ಪಟ್ಟಿಯಂತೆ! ಅದರ ಮೇಲೆ ಕೂತು ಅಜ್ಜಿಯ ಹೆಸರು ಹೇಳಿಕೊಳ್ಳುತ್ತೀಯ. ಮಾಡು.

ಹುಲ್ಡಾ


ಮಾರ್ಬರಿ
೬ ಆಗಸ್ಟ್

ಅಕ್ಕಾ,

ಇವತ್ತಿನ ಪತ್ರಿಕೆ ಕತ್ತರಿಸಿ ಇಟ್ಟಿದ್ದೇನೆ. “ಕೌಂಟಿಯ ಪಟ್ಟ ಮಾರ್ಬರಿಗೆ ಬಂದ ದೃಶ್ಯ ಜನಮನ ಸೂರೆಗೊಂಡಿತು” ಎಂದು ಬರೆದಿದ್ದಾರೆ. ಬಂದಿತೆಲ್ಲಿ? ಇನ್ನು ಐವತ್ತು ವರ್ಷಕ್ಕೆ ಇದನ್ನೇ ಚರಿತ್ರೆ ಎನ್ನುತ್ತಾರೆ. ಅದಕ್ಕೇ ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನೀನು ನನ್ನ ಪಕ್ಕದಲ್ಲೇ ಇದ್ದವಳು ನಿಜ, ಆದರೆ ನನ್ನ ಹೊಟ್ಟೆಯೊಳಗಿನದು ನಿನಗೆ ಕಂಡಿರಲಿಕ್ಕಿಲ್ಲ.

ಮಧ್ಯಾಹ್ನ ಲಿಂಡ್‌ಕ್ವಿಸ್ಟನ ಟ್ರಕ್ಕು ಅಂಗಳಕ್ಕೆ ಬಂದು, ನುಣ್ಣಗೆ ಬೋಳಿಸಿದ ನಿಮ್ಮ ಆರು ಗಂಡಸರು ಹಲಗೆ ಹಾಕಿ ಅಜ್ಜಿಯ ಪೆಟ್ಟಿಗೆ ಇಳಿಸಿದಾಗ ನನಗೆ ಅಳು ಬಂತು. ಅಕ್ಕ ಕರಗಿದಳು, ಕೊನೆಗೂ ತಂದಳು ಎಂದುಕೊಂಡೆ. ಆರು ಜನ ಮುಕ್ಕಿರಿಯುತ್ತಿದ್ದುದನ್ನು ನೋಡಿ ಫಾಸ್ನಾಟ್ ನಕ್ಕ. “ಲ್ಯಾಂಡಿಂಗಿನವ್ರು ಊಟ ಮಾಡ್ಕೊಂಡ್ ಬಂದಿಲ್ವೇನೋ.” ಪ್ಲೈವುಡ್ ಪೆಟ್ಟಿಗೆಯನ್ನು ನಾನೇ ಕಾಲಿನಿಂದ ಪಕ್ಕಕ್ಕೆ ನೂಕಿದೆ. ನೀನು ಟೋಪಿಯನ್ನು ನನ್ನ ಕೈಗೆ ಕೊಟ್ಟೆ. ನನ್ನ ಮುಖ ನೋಡದೆ ಕೊಟ್ಟೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನನ್ನ ಸರದಿ ಬಂತು. ಆ ತುದಿಗೆ ಲ್ಯಾಂಡಿಂಗಿನ ಗುಡಿಸಲು, ಈ ತುದಿಗೆ ಕೋರ್ಟಿನ ಮೆಟ್ಟಿಲು, ನಡುವೆ ಹತ್ತಿಯ ಹಿಮ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ಕೈಯೆತ್ತಿ ಪ್ರಾಣ, ಮಾನ ಎಲ್ಲ ಹೇಳಿ ಮುಗಿಸಿದೆ. ನಾಲ್ಕೂ ಗಡ್ಡಗಳು ಬಗ್ಗಿ ಹಿಡಿಕೆ ಹಿಡಿದು “ಹೂಂ” ಎಂದವು. ಪೆಟ್ಟಿಗೆ ಅಲುಗಲಿಲ್ಲ.

“ಹೂಂ.” ಅಲುಗಲಿಲ್ಲ.

ಕ್ಲಾಡ್‌ನ ಕತ್ತಿನ ನರ ಬೆರಳಿನಷ್ಟು ದಪ್ಪ ಆಯಿತು. ಔಷಧಿ ಅಂಗಡಿಯವನ ಅಂಟಿಸಿದ ಮೀಸೆ ಬೆವರಿಗೆ ಜಾರಿತು. ಮೈಕಿನಲ್ಲಿ ಡೆವಿಟ್ ಮೇಷ್ಟರು ಮಾತ್ರ ತಮ್ಮ ಪಾಡಿಗೆ, “ಅಗೋ ನೋಡಿ, ಮಾರ್ಬರಿಯ ವೀರರು ಪೆಟ್ಟಿಗೆಯನ್ನು ಹೂವಿನಂತೆ ಎತ್ತಿದರು!” ಎಂದು ಓದುತ್ತಿದ್ದರು. ಗುಂಪಿನಿಂದ ಯಾರೋ ನಿಮ್ಮವರು, “ಲೇ, ಗಡ್ಡ ಹಿಡ್ಕೊಂಡ್ ಎತ್ರೋ!” ಎಂದು ಕೂಗಿದ್ದೇ ತಡ, ಮೂರು ಸಾವಿರ ಜನ ಗೊಳ್ಳೆಂದರು.

ನನ್ನನ್ನು ನೋಡಿ ನಕ್ಕರು ಅಕ್ಕಾ. ಫಾಸ್ನಾಟ್‌ನ ಹೆಂಡತಿ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಕ್ಲಾಡ್ ಹಲ್ಲು ಕಚ್ಚಿ, “ನೋರಿ, ಇಳಿಯೇ ಮಾರಾಯ್ತಿ, ಸೊಂಟ ಹಿಡ್ಕೊಂತು. ಪೆಟ್ಟಿಗೆ ಹೇಗೋ ಎಳೀತೀವಿ, ನೀ ನಡ್ಕೊಂಡ್ ಬಂದು ಬಂಡಿ ಹತ್ತು” ಎಂದ. ಆಗ ನಿನ್ನನ್ನು ಹುಡುಕಿದೆ. ನೀನು ಗುಡಿಸಲ ಮಗ್ಗುಲಲ್ಲಿ ಕೈಕಟ್ಟಿ ನಿಂತಿದ್ದೆ. ನಗುತ್ತಿರಲಿಲ್ಲ. ಆದರೆ ನಿನಗೆ ಗೊತ್ತಿತ್ತು. ನಿನ್ನ ಮುಖ ನೋಡಿದ ಕೂಡಲೇ ನನಗೂ ಗೊತ್ತಾಯಿತು.

ಆ ಕ್ಷಣ ನಿನ್ನನ್ನು ದ್ವೇಷಿಸಿದೆ. ಇಳಿಯೋಣ ಎಂದು ಒಂದು ಕಾಲು ನೆಲಕ್ಕೆ ಇಟ್ಟೂ ಆಗಿತ್ತು.

ಅಷ್ಟರಲ್ಲಿ ನೀನು ಹತ್ತಿಯ ಹಿಮ ತುಳಿದುಕೊಂಡು, ದಿನನಿತ್ಯದ ಆ ಚೌಕಳಿ ಅಂಗಿಯಲ್ಲೇ ಬಂದುಬಿಟ್ಟೆ. “ಸರ್ಕೋ.” ಅಷ್ಟೇ ಅಂದದ್ದು. ನನ್ನ ಪಕ್ಕ ಕೂತೆ. ಪೆಟ್ಟಿಗೆ ಕಿರ್ರೆಂದಿತು.

“ಅಕ್ಕಾ, ಜನ ನೋಡ್ತಿದಾರೆ.”

“ನೋಡ್ಲಿ. ನೋಡೋಕೆ ತಾನೇ ಬಂದಿರೋದು. ಕಾಲು ಮೇಲೆತ್ಕೋ.”

ನನ್ನ ಸೊಂಟ ಹಿಡಿದಿದ್ದೆಯಲ್ಲ, ಮಗುವನ್ನು ಕುದುರೆ ಮೇಲೆ ಕೂರಿಸಿ ಹಿಡಿದ ಹಾಗೆ. ಕ್ಲಾಡ್ “ಹುಲ್ಡಾ, ನಿಮ್ಮ ದಮ್ಮಯ್ಯ” ಎಂದದ್ದಕ್ಕೆ “ನೀವು ಎತ್ರಪ್ಪಾ, ನಾವೇನ್ ಬೇಡ ಅಂದ್ವಾ” ಎಂದೆ. ಇಬ್ಬರು ಹೆಂಗಸರು, ಓಕ್ ಪೆಟ್ಟಿಗೆ, ಅದರೊಳಗೇನಿತ್ತೋ ದೇವರೇ ಬಲ್ಲ. ನಾಲ್ವರೂ ಕೊನೆಗೆ ಹತ್ತಿಯ ಹಿಮದ ಮೇಲೆ ಕೂತುಬಿಟ್ಟರು. ಮೈಕು ಮಾತ್ರ, “ಹೀಗೆ ಕೌಂಟಿಯ ಪಟ್ಟ ಮಾರ್ಬರಿಗೆ ಬಂದಿತು” ಎಂದಿತು. ಪೆಟ್ಟಿಗೆ ಆಟದ ಲ್ಯಾಂಡಿಂಗಿನಲ್ಲೇ ಇತ್ತು, ನಾವಿಬ್ಬರೂ ಅದರ ಮೇಲಿದ್ದೆವು, ನಿಮ್ಮ ಬೋಳು ಗಲ್ಲದವರೆಲ್ಲ ಎದ್ದು ನಿಂತು ಟೋಪಿ ಎಸೆಯುತ್ತಿದ್ದರು. ಆಮೇಲೆ ನಮ್ಮ ಗಡ್ಡದವರೂ ಎದ್ದು ಚಪ್ಪಾಳೆ ತಟ್ಟಿದರು. ಯಾಕೆ ಎಂದು ಅವರನ್ನೇ ಕೇಳಬೇಕು.

ನೀನು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಲಿಂಡ್‌ಕ್ವಿಸ್ಟನ ಟ್ರಕ್ಕು ಹತ್ತಿ ಹೋದೆ. ಈಗ ಹೇಳು. ಅದನ್ನು ಯಾಕೆ ತಂದೆ?

ನೋರಿ


ಲ್ಯಾಂಡಿಂಗ್
೯ ಆಗಸ್ಟ್

ನೋರಿ,

ನಿನ್ನ ಮಾನ ಕಳೆಯಲಿಕ್ಕೇ ತಂದೆ. ಬೇರೆ ಏನಾದರೂ ಹೇಳಿದರೆ ಸುಳ್ಳಾಗುತ್ತದೆ.

ನೇಗಿಲ ಕುಳ, ಇಸ್ತ್ರಿ ಕಬ್ಬಿಣ ಯಾವುದನ್ನೂ ತೆಗೆಯಲಿಲ್ಲ. ಸಾಲದು ಅಂತ ಆಕ್ಸೆಲ್‌ನ ಅಡಿಗಲ್ಲು ಕೂಡ ಹಾಕಿದೆ, ಅದೇ ಕುದುರೆ ಲಾಳ ಬಡಿಯುವ ಕಬ್ಬಿಣದ ದಿಮ್ಮಿ. ಒಂದೇ ಕೈಯಲ್ಲಿ ಎತ್ತಿದರು, ಗಡ್ಡ ಕೆರೆದುಕೊಂಡರು ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಂದಿನಿಂದ ನನಗೆ ಊಟ ಸೇರಿರಲಿಲ್ಲ. ಅವರು ಎತ್ತಲಾರದೆ ಒದ್ದಾಡಲಿ, ನೀನು ಮೂರು ಸಾವಿರ ಜನರ ಮುಂದೆ ಬೆಪ್ಪಾಗಿ ಇಳಿದು ನಡೆಯಲಿ, ಆಗ ಜನ ಹೇಳಲಿ, ಇವಳೆಲ್ಲಿ ಸಬ್ರಾ ಎಲ್ಲಿ, ಆ ದೊಡ್ಡವಳಿಗೆ ಕೊಡಬೇಕಿತ್ತು ಪಾತ್ರ ಎಂದು. ಇಷ್ಟನ್ನೂ ದಾರಿಯುದ್ದಕ್ಕೂ ಟ್ರಕ್ಕಿನಲ್ಲಿ ಕೂತು ನೆನೆದು ನೆನೆದು ಖುಷಿಪಟ್ಟೆ.

ಎಲ್ಲ ನಾನೆಂದುಕೊಂಡ ಹಾಗೇ ಆಯಿತು. ಅವರು ಎಳೆದರು, ಜನ ನಕ್ಕರು. ನಿನ್ನ ಮುಖ ಬಿಳಿಚಿಕೊಂಡಿತು. ಟೋಪಿಯ ದಾರ ಒಂದು ಕಡೆ ಬಿಚ್ಚಿ ಜೋತಾಡುತ್ತಿತ್ತು. ನೀನು ಕಾಲು ಕೆಳಗಿಟ್ಟೆ. ನನಗೆ ಬೇಕಾದದ್ದು ಅದೇ ತಾನೇ? ಆದರೆ ಅದನ್ನು ಕಂಡ ಕೂಡಲೇ ಆ ಖುಷಿಯೆಲ್ಲ ಇಳಿದುಹೋಯಿತು. ಫಾಸ್ನಾಟ್‌ನ ಹೆಂಡತಿ ನಮ್ಮ ನೋರಿಯನ್ನು ನೋಡಿ ನಗುವುದೇ? ನಿನ್ನನ್ನು ನೋಡಿ ನಗುವ ಹಕ್ಕು ನನ್ನದು. ಆ ಬ್ಯಾಂಕಿನವಳಿಗೆ ಯಾರು ಕೊಟ್ಟರು? ಮತ್ತೆ ಏನು ಮಾಡಿದೆನೋ, ಹೇಗೆ ನಡೆದೆನೋ, ಮಂಡಿ ನೋವೂ ನೆನಪಾಗಲಿಲ್ಲ.

ಈಗ ಅಜ್ಜಿಯ ಮಾತು. ನೀನು ಅದರ ಮೇಲೆ ಕೂತಾಯಿತು, ನಿನಗೂ ಸೇರಬೇಕು.

ಒಮ್ಮೆ ಬಟಾಣಿ ಬಿಡಿಸುತ್ತಾ ಕೂತಿದ್ದೆವು. ನೀನು ಮೊಟ್ಟೆ ಆಯಲು ಹೋಗಿದ್ದೆ. ನಾನೇ ಕೇಳಿದೆ: “ಅಜ್ಜೀ, ಅಷ್ಟು ಚಳೀಲಿ, ಅಷ್ಟು ಗಂಡಸ್ರ ಮಧ್ಯೆ, ಎದ್ದುಬಿಡೋಣ ಅನ್ನಿಸ್ಲಿಲ್ವಾ?”

ಅಜ್ಜಿ ಹೇಳಿದಳು: “ಅನ್ನಿಸ್ದೇ ಏನು? ಹೆದ್ರಿ ಸಾಯ್ತಿದ್ದೆ. ಆದ್ರೆ ಒಬ್ಬನಾದ್ರೂ ‘ಸಬ್ರಾ, ಸ್ವಲ್ಪ ಏಳಮ್ಮಾ’ ಅಂತ ಕೇಳ್ಬೇಡ್ವಾ? ಬಂದೋರೆಲ್ಲ ಪೆಟ್ಟಿಗೆ ನೋಡಿದ್ರೇ ಹೊರ್ತು ನನ್ನ ಮುಖ ನೋಡ್ಲಿಲ್ಲ ಮುಂಡೇವು. ನಾನೂ ಒಂದು ಸಾಮಾನು ಅಂತ ಎತ್ಕೊಂಡ್ ಹೋದ್ರು. ಕೇಳಿದ್ರೆ ಎದ್ದೇಬಿಡ್ತಿದ್ದೆ.”

ಅಷ್ಟೇ ನೋರಿ. ಕೌಂಟಿಯ ಮಾನವೂ ಇಲ್ಲ, ಪ್ರಾಣವೂ ಇಲ್ಲ. ಯಾರೂ ಕೇಳಲಿಲ್ಲ, ಅದಕ್ಕೆ ಏಳಲಿಲ್ಲ. ಇದನ್ನು ಇಷ್ಟು ವರ್ಷ ಚಿನ್ನದ ಹಾಗೆ ಮಡಿಲಲ್ಲಿ ಕಟ್ಟಿಕೊಂಡಿದ್ದೆ. ಅಜ್ಜಿಯ ವಂಶದವಳು ನಾನೇ ಎಂದು ತೋರಿಸಲು ಫೆಬ್ರವರಿಯಿಂದ ಒದ್ದಾಡಿದೆನಲ್ಲ, ಬಿಟ್ಟರೆ ಸಿಗುವುದೇ? ನೀನು ಪೆಟ್ಟಿಗೆ ಕೇಳಿದೆ, ಟೋಪಿ ಕೇಳಿದೆ. “ಅಕ್ಕಾ, ನೀನೂ ಬಾ” ಎನ್ನಲಿಲ್ಲ. ಕುರ್ಚಿ ಹಿಡಿದಿಟ್ಟೆ, ಬರುವುದು ಬಿಡುವುದು ನಿನಗೆ ಬಿಟ್ಟದ್ದು ಎಂದೆ. ನನಗೂ ಬಾಯಿ ಇತ್ತು, ಪಾತ್ರ ನನಗೆ ಬೇಕು ಕಣೇ ಎಂದು ನಾನೂ ಕೇಳಲಿಲ್ಲ.

ನನ್ನ ಮೇಲೆ ನಿನಗೆ ಸಿಟ್ಟಿದ್ದರೆ ಇರಲಿ, ನ್ಯಾಯವಾಗಿಯೇ ಇದೆ. ಪೆಟ್ಟಿಗೆ ತರಿಸಿಕೊಳ್ಳಲು ಲಿಂಡ್‌ಕ್ವಿಸ್ಟನನ್ನು ಕಳಿಸುತ್ತೇನೆ.

ಹುಲ್ಡಾ


ಮಾರ್ಬರಿ
೧೩ ಆಗಸ್ಟ್

ಅಕ್ಕಾ,

ಲಿಂಡ್‌ಕ್ವಿಸ್ಟನನ್ನು ಕಳಿಸಬೇಡ. ಬಂದರೆ ನನ್ನ ಹತ್ತಿರ ನಾಯಿ ಇಲ್ಲ, ಕ್ಲಾಡ್‌ನನ್ನೇ ಬಿಡುತ್ತೇನೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮಲಗಿದ್ದಾನೆ, ಆದರೂ ಬೊಗಳಬಲ್ಲ.

ಪೆಟ್ಟಿಗೆ ಇನ್ನೂ ಕೋರ್ಟಿನ ಅಂಗಳದಲ್ಲಿ ನಾವು ಬಿಟ್ಟ ಜಾಗದಲ್ಲೇ ಇದೆ. ಸರಿಸಲು ಬಂದವರಿಗೆಲ್ಲ ನಾನು ಬೇಡವೆಂದೆ. ನಿನ್ನ ಕಾಗದವನ್ನು ಹಿಡಿದು ಮೊನ್ನೆ ಸಂಜೆ ಒಬ್ಬಳೇ ಹೋಗಿ ಅದರ ಮೇಲೆ ಕೂತು ಓದಿದೆ. ಅಡಿಗಲ್ಲಿನ ಜಾಗ ಬಂದಾಗ ನಿನ್ನ ಕುತ್ತಿಗೆ ಹಿಸುಕಬೇಕೆನ್ನಿಸಿತು. ಬಟಾಣಿಯ ಜಾಗ ಬಂದಾಗ ಅತ್ತೆ. ಮೊಟ್ಟೆ ಆಯುವುದು ಬಿಟ್ಟು ಆವತ್ತು ಬಾಗಿಲ ಹಿಂದೆ ನಿಂತಿದ್ದರೆ ಈ ಮಾತು ನನಗೆ ಆಗಲೇ ಸಿಗುತ್ತಿತ್ತು.

ನನ್ನ ತಪ್ಪು ನನಗೆ ತಿಳಿಯಿತು. ಇದೋ ಕೇಳುತ್ತಿದ್ದೇನೆ, ಮುಖ ನೋಡಿ ಕೇಳಿದ ಹಾಗೆ ಅಂದುಕೋ. ಭಾನುವಾರ ಬಾ ಅಕ್ಕಾ. ಪೆಟ್ಟಿಗೆಗಾಗಿ ಅಲ್ಲ. ಕೋಳಿ ಹುರಿಯುತ್ತೇನೆ. ಕಾಫಿಯೂ ಇರುತ್ತದೆ, ಬೇಕಾದರೆ ಚೆಲ್ಲು.

ನಿನ್ನ ನೋರಿ


ಲ್ಯಾಂಡಿಂಗ್
೧೬ ಆಗಸ್ಟ್

ನೋರಿ,

ಬರುತ್ತೇನೆ. ಕಾಲು ಒರೆಸಿಕೊಂಡು ಒಳಗೆ ಬರುತ್ತೇನೆ. ನಿನ್ನ ಹೊಸ ಫ್ರಿಜ್ಜು ನೋಡಿದರೆ ಹೊಟ್ಟೆ ಉರಿಯುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ಇನ್ನೊಂದು ವಿಷಯ. ಪತ್ರಿಕೆಯಲ್ಲಿ ನಮ್ಮಿಬ್ಬರ ಫೋಟೋ ಬಂದಿದೆಯಲ್ಲ, ಬ್ಯೂಲಾ ಹಿಡಿದುಕೊಂಡು ಓಡಿ ಬಂದಳು. ನಾನು ಆಲೂಗಡ್ಡೆ ಮೂಟೆಯ ಹಾಗೆ ಬಿದ್ದಿದ್ದೇನೆ. ಅವಳು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದಳು. ಪೆಟ್ಟಿಗೆಯ ಮೇಲೆ ಕೂತ ಕಾಲದ ಅಜ್ಜಿಯ ಪಟ ಅವಳ ಅತ್ತೆಯ ಮನೆಯ ಗೋಡೆಯಲ್ಲಿತ್ತು, ನಿನಗೆ ಗೊತ್ತು. “ಹುಲ್ಡಾ, ಬೇಜಾರ್ ಮಾಡ್ಕೋಬೇಡ ಕಣೇ, ಆ ಟೋಪೀಲಿ ನೋರಿ ಥೇಟ್ ಸಬ್ರಾನೇ” ಎಂದಳು.

ಇದನ್ನು ನಿನಗೆ ಹೇಳಬಾರದು ಎಂದಿದ್ದೆ. ಎರಡು ದಿನ ಹೇಳದೆ ಇದ್ದೆ. ಈಗ ಹೇಳಿದೆ. ದವಡೆ ಮಾತ್ರ ನನ್ನದೇ.

ನಿನ್ನ ಅಕ್ಕ,
ಹುಲ್ಡಾ